ಮೀಟರ್ ಬೋರ್ಡಿನ ಕೆಂಪು, ಹಳದಿ



ಕಾರಿನ ಮೀಟರ್ ಬೋರ್ಡಿನಲ್ಲಿ ದೀಪವೊಂದು ಹೊತ್ತಿಕೊಂಡ ಕೂಡಲೇ ಒಳಗೆ ಕೂತವರೆಲ್ಲ ಕೇಳುವುದು ಒಂದೇ: "ಏನು ಕೆಟ್ಟಿತು?" ಸಹಜವಾದ ಪ್ರಶ್ನೆಯೇ. ಆದರೆ ನಡುರಸ್ತೆಯಲ್ಲಿ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಏನು ಕೆಟ್ಟಿದೆ ಅಂತ ಗೊತ್ತಾದರೂ ಅಲ್ಲಿ ಸರಿಮಾಡುವವರು ಯಾರು? ಆ ಹೊತ್ತಿಗೆ ಕೇಳಿಕೊಳ್ಳಬೇಕಾದದ್ದು, ನನಗೆ ಎಷ್ಟು ಸಮಯ ಇದೆ ಅಂತ. ಕೆಲವು ದೀಪ ನಮಗೆ ಸೆಕೆಂಡುಗಳ ಗಡುವು ಕೊಡುತ್ತವೆ, ಕೆಲವು ನಿಮಿಷಗಳದ್ದು, ಇನ್ನು ಕೆಲವು ವಾರಗಟ್ಟಲೆ ಕಾಯುತ್ತವೆ. ಸೆಕೆಂಡಿನ ದೀಪಕ್ಕೆ ವಾರದ ಉದಾಸೀನ ತೋರಿಸಿ, ವಾರದ ದೀಪಕ್ಕೆ ಗಾಬರಿಬಿದ್ದು ಹೆದ್ದಾರಿಯ ನಡುವೆಯೇ ಬ್ರೇಕ್ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಇವತ್ತಿನ ಮಾತೆಲ್ಲ ಈ ಗಡುವಿನ ಸುತ್ತ.

ಹಳೆಯ ಮಹೀಂದ್ರ ಜೀಪು ಓಡಿಸಿದವರಿಗೆ ನೆನಪಿರಬಹುದು. ಆಯಿಲ್ ಒತ್ತಡಕ್ಕೊಂದು ಮುಳ್ಳು, ನೀರಿನ ಬಿಸಿಗೊಂದು ಮುಳ್ಳು, ಬ್ಯಾಟರಿ ಚಾರ್ಜಿಗೊಂದು ಮುಳ್ಳು. ಪಳಗಿದ ಚಾಲಕ ಆಗಾಗ ಅವುಗಳ ಮೇಲೆ ಕಣ್ಣಾಡಿಸುತ್ತಿದ್ದ. ಮುಳ್ಳು ವಾಲತೊಡಗಿದಾಗಲೇ ಗಾಡಿ ಬದಿಗೆ ಹಾಕುತ್ತಿದ್ದ. ಮುಳ್ಳಿನ ಜಾಗಕ್ಕೆ ದೀಪ ತಂದವರಲ್ಲಿ ಅಮೆರಿಕದ ಹಡ್ಸನ್ ಕಂಪನಿ ಮೊದಲಿನದು, ಅದು 1930ರ ದಶಕದ ಮಾತು. ದೀಪ ಅಗ್ಗ, ಕಣ್ಣಿಗೂ ಬೇಗ ಬೀಳುತ್ತದೆ. ಆದರೆ ಮುಳ್ಳು ಮುಂಚಿತವಾಗಿ ಹೇಳುತ್ತಿದ್ದುದನ್ನು ದೀಪ ಕಡೇ ಗಳಿಗೆಯಲ್ಲಿ ಹೇಳುತ್ತದೆ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಬಿಸಿಯ ಮುಳ್ಳೇ ಇಲ್ಲ. ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಕಾದು ಹೋದರೆ ಕೆಂಪು ದೀಪ, ನಡುವೆ ಏನೂ ಇಲ್ಲ.

ಬಾನುಲಿಯಲ್ಲಿ ಚಿತ್ರ ತೋರಿಸಲಾಗದು, ಮಾತಿನಲ್ಲೇ ಹೇಳಬೇಕು. ಸಮಾಧಾನದ ಸಂಗತಿ ಎಂದರೆ ಈ ಗುರುತುಗಳು ಕಂಪನಿಗೊಂದು ಥರ ಇಲ್ಲ. ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕವೊಂದಿದೆ. ಮಾರುತಿಯಲ್ಲೂ ಬೆಂಜ್‌ನಲ್ಲೂ ಆಯಿಲ್‌ನ ಗುರುತು ಒಂದೇ. ಬಣ್ಣಗಳದ್ದೂ ಹಾಗೆಯೇ. ಹಸಿರು, ನೀಲಿ ಅಂದರೆ ಏನೋ ಒಂದು ಚಾಲೂ ಇದೆ ಅಂತ, ಅಷ್ಟೇ. ಹೆಡ್‌ಲೈಟಿನ ಗುರುತು ನೀಲಿಯಾಗಿ ಉರಿಯುತ್ತಿದ್ದರೆ ನಿಮ್ಮ ದೀಪ ಹೈಬೀಮಿನಲ್ಲಿದೆ, ಎದುರಿನವನ ಕಣ್ಣು ಕುಕ್ಕುತ್ತಿದೆ. ನಮ್ಮ ರಸ್ತೆಗಳಲ್ಲಿ ಅತ್ಯಂತ ಉಪೇಕ್ಷೆಗೆ ಒಳಗಾದ ದೀಪ ಇದೇ ಇರಬೇಕು. ಹಳದಿ ಅಂದರೆ ತೋರಿಸಬೇಕು, ಆದರೆ ಊರು ಸೇರಬಹುದು. ಕೆಂಪು ಅಂದರೆ ಸುರಕ್ಷಿತವಾದ ಮೊದಲ ಜಾಗದಲ್ಲಿ ನಿಲ್ಲಿಸಬೇಕು. ಈ ಲೆಕ್ಕಕ್ಕೆ ಒಂದೆರಡು ಅಪವಾದ ಇವೆ, ಮುಂದೆ ಹೇಳುತ್ತೇನೆ.

ಕೀಲಿ ತಿರುಗಿಸಿ, ಸೆಲ್ಫ್ ಹೊಡೆಯುವ ಮೊದಲು ಒಂದು ಕ್ಷಣ ತಡೆಯಿರಿ. ಬಹುತೇಕ ಎಲ್ಲ ಎಚ್ಚರಿಕೆ ದೀಪಗಳೂ ಒಟ್ಟಿಗೇ ಹೊತ್ತುತ್ತವೆ. ಏರ್‌ಬ್ಯಾಗ್, ಎಬಿಎಸ್ ಥರದವು ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರುತ್ತವೆ, ಆಯಿಲ್ ಮತ್ತು ಬ್ಯಾಟರಿಯವು ಎಂಜಿನ್ ಶುರುವಾದ ಮೇಲೆ ಆರುತ್ತವೆ. ಇದು ಗಾಡಿ ಕೊಡುವ ಹಾಜರಿ. ಹಾಜರಿಗೇ ಬಾರದ ದೀಪದ ಮೇಲೆ ಸಂಶಯ ಇರಲಿ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಪೇಂಟು, ಸೀಟು, ಮ್ಯೂಸಿಕ್ ಸಿಸ್ಟಂ ನೋಡುವುದಕ್ಕಿಂತ ಮೊದಲು ಇದನ್ನು ನೋಡಬೇಕು. ಕೀಲಿ ತಿರುಗಿಸಿದಾಗ ಎಂಜಿನ್ನಿನ ಹಳದಿ ದೀಪವೋ ಏರ್‌ಬ್ಯಾಗಿನ ದೀಪವೋ ಹೊತ್ತಲೇ ಇಲ್ಲವೆಂದರೆ ಯಾರೋ ಅದರ ಬಾಯಿ ಕಟ್ಟಿರುವ ಸಾಧ್ಯತೆ ಇದೆ. ಬಲ್ಬ್ ಕಿತ್ತವರೂ ಇದ್ದಾರೆ, ಹಿಂದಿನಿಂದ ಕಪ್ಪು ಟೇಪು ಅಂಟಿಸಿದವರೂ ಇದ್ದಾರೆ.

ಇನ್ನು ಸೆಕೆಂಡುಗಳ ದೀಪ. ಮೂತಿಯ ತುದಿಯಲ್ಲಿ ಒಂದು ತೊಟ್ಟು ತೂಗುತ್ತಿರುವ ಎಣ್ಣೆ ಗಿಂಡಿಯ ಚಿತ್ರ, ಕೆಂಪು ಬಣ್ಣ. ಎಂಜಿನ್ ಆಯಿಲ್ ಕಡಿಮೆಯಾಗಿದೆ, ಸಂಜೆ ಹಾಕಿಸಿದರಾಯಿತು ಎಂದು ಹಲವರು ತಿಳಿಯುತ್ತಾರೆ. ಆದರೆ ಈ ದೀಪ ಹೇಳುವುದು ಆಯಿಲ್ ಒತ್ತಡದ ವಿಷಯ. ಎಂಜಿನ್ನಿನೊಳಗೆ ಕ್ರ್ಯಾಂಕ್ ಶಾಫ್ಟ್ ಬೇರಿಂಗಿಗೆ ಮುಟ್ಟದ ಹಾಗೆ ತಿರುಗುತ್ತದೆ. ಎರಡರ ನಡುವೆ ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪೊರೆ. ಅಲ್ಲಿಗೆ ಆಯಿಲನ್ನು ಎಡೆಬಿಡದೆ ತುಂಬುವುದು ಪಂಪಿನ ಒತ್ತಡ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಶಾಫ್ಟ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಪೊರೆ ಹರಿದರೆ ಲೋಹಕ್ಕೆ ಲೋಹ. ಒಂದು ನಿಮಿಷ ಹಾಗೇ ಓಡಿಸಿದಿರಿ ಅಂದುಕೊಳ್ಳಿ, ಅಷ್ಟರಲ್ಲಿ 3000 ಉಜ್ಜು ಆಗಿರುತ್ತದೆ.

ಮಲೆನಾಡಿನ ಎಸ್ಟೇಟ್ ರಸ್ತೆಗಳಲ್ಲಿ ಈ ದೀಪ ಹೊತ್ತುವುದು ಸಾಮಾನ್ಯ. ಮಳೆಗೆ ಮಣ್ಣು ಕೊಚ್ಚಿಹೋಗಿ ನಡುವೆ ಕಲ್ಲು ಎದ್ದಿರುತ್ತದೆ, ಗಾಡಿಯಲ್ಲಿ ಐದು ಜನ, ಕೆಳಗೆ ಟಕ್ ಎಂದು ಬಡಿದ ಸದ್ದು. ಬಯಲುಸೀಮೆಯಲ್ಲಿ ಅದೇ ಕೆಲಸವನ್ನು ಬಣ್ಣ ಬಳಿಯದ ರೋಡ್ ಹಂಪ್ ಮಾಡುತ್ತದೆ. ಆಯಿಲ್ ಚೇಂಬರ್ ಬಿರುಕು ಬಿಡುತ್ತದೆ, ಆಯಿಲ್ ಹನಿಹನಿಯಾಗಿ ಇಳಿಯುತ್ತದೆ. ಒಂದೆರಡು ಕಿಲೋಮೀಟರ್ ಏನೂ ಗೊತ್ತಾಗುವುದಿಲ್ಲ, ಆಮೇಲೆ ಕೆಂಪು ಗಿಂಡಿ.

ತೀರ್ಥಹಳ್ಳಿ ಕಡೆಯ ಗ್ಯಾರೇಜೊಂದರಲ್ಲಿ ಇಂಥದ್ದೇ ಗಾಡಿ ಬಿಚ್ಚುವಾಗ ನಾನಲ್ಲಿದ್ದೆ. ಮೇಸ್ತ್ರಿ ಬೇರಿಂಗಿನ ಒಂದು ಹೋಳನ್ನು ತೆಗೆದು ಬನಿಯನ್ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರು. ಅದು ಬೆಳ್ಳಿಯ ಬಣ್ಣದಲ್ಲಿ ಮಂಕಾಗಿ ಹೊಳೆಯಬೇಕು. ನಡುವೆ ಅಗಲಕ್ಕೂ ತಾಮ್ರದ ಕೆಂಪು ಎದ್ದು ಕಾಣುತ್ತಿತ್ತು. ಮೇಲ್ಪದರ ಸವೆದು ಒಳಗಿನದು ಹೊರಬಂದಿತ್ತು. ಮೇಸ್ತ್ರಿ ಉಗುರಿನಿಂದ ಅಡ್ಡಡ್ಡ ಎಳೆದು ನೋಡಿ ಕೇಳಿದರು: "ದೀಪ ಎಷ್ಟು ಹೊತ್ತಿಂದ ಉರೀತಿತ್ತು ಮಾರಾಯ್ರೆ?"

"ಹೆಚ್ಚೇನಿಲ್ಲ, ಮೂರು ಕಿಲೋಮೀಟರ್. ಹೆಂಗೂ ಗ್ಯಾರೇಜು ಹತ್ರ ಬಂತಲ್ಲ ಅಂತ..."

"ದೀಪ ಹತ್ತಿದಲ್ಲೇ ನಿಲ್ಸಿ ಫೋನ್ ಮಾಡಿದ್ರೆ ಚೇಂಬರ್ ಒಂದೇ ಬದ್ಲಾಯಿಸ್ತಿದ್ದೆ. ಈಗ ಇಡೀ ಎಂಜಿನ್ ಬಿಚ್ಚಬೇಕಲ್ಲ."

ಹಣದ ಇನ್ನೊಂದು ಮಗ್ಗುಲೂ ಇದೆ, ಅದನ್ನು ಗಾಡಿ ಮಾರುವವರು ಹೇಳುವುದಿಲ್ಲ. ಕಲ್ಲು ಬಡಿದು ಚೇಂಬರ್ ಒಡೆದದ್ದು ಅಪಘಾತ, ಸಾಮಾನ್ಯ ಕಾಂಪ್ರಹೆನ್ಸಿವ್ ವಿಮೆಯಲ್ಲಿ ಅದಕ್ಕೆ ಪರಿಹಾರ ಕೇಳಬಹುದು. ಒಡೆದ ಮೇಲೂ ಓಡಿಸಿದ್ದರಿಂದ ಎಂಜಿನ್ ಸೀಜ್ ಆದರೆ ಅದು ಆನಂತರದ ನಷ್ಟದ ಲೆಕ್ಕಕ್ಕೆ ಹೋಗುತ್ತದೆ. ಸಾಮಾನ್ಯ ಪಾಲಿಸಿ ಅದನ್ನು ಹೊರಗಿಡುತ್ತದೆ. ಎಂಜಿನ್ ಪ್ರೊಟೆಕ್ಟ್ ಎಂದು ಹೆಚ್ಚುವರಿ ಹಣ ಕಟ್ಟಿ ಕೊಳ್ಳುವ ರಕ್ಷಣೆ ಬೇರೆಯೇ ಇದೆ, ಅದರ ಷರತ್ತುಗಳನ್ನೂ ಓದಿ ನೋಡಬೇಕು. ಅಂತೂ ಕೆಂಪು ಗಿಂಡಿ ಹೊತ್ತಿದರೆ ಗಾಡಿ ಬದಿಗೆ, ಎಂಜಿನ್ ಆಫ್, ಆಮೇಲೆ ಎಳೆದೊಯ್ಯುವ ಗಾಡಿಗೆ ಫೋನ್. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಸಹಾಯಕ್ಕೆ 1033 ಸಂಖ್ಯೆ ಇದೆ.

ಇದೇ ದೀಪ ಇನ್ನೊಂದು ರೀತಿಯಲ್ಲೂ ಮಾತಾಡುತ್ತದೆ. ಘಾಟಿಯ ತಿರುವಿನಲ್ಲಿ ಮಿಣಕ್ ಎಂದು ಹೊತ್ತಿ, ನೇರ ರಸ್ತೆಗೆ ಬಂದ ಕೂಡಲೇ ಆರುತ್ತದೆ. "ಲೂಸ್ ಕಾಂಟ್ಯಾಕ್ಟ್ ಇರ್ಬೇಕು" ಎಂಬ ವಿವರಣೆ ಆಗ ತಕ್ಷಣ ಸಿಗುತ್ತದೆ. ಬಹಳ ಸಲ ಆಗಿರುವುದು ಇಷ್ಟು: ಆಯಿಲ್ ಮಟ್ಟ ಇಳಿದಿದೆ, ತಿರುವಿನಲ್ಲಿ ಅದು ಒಂದು ಬದಿಗೆ ಸರಿದಾಗ ಪಂಪಿನ ಬಾಯಿಗೆ ಸಿಗುವುದು ಗಾಳಿ. ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್ ಸ್ಟಿಕ್ ಎಳೆಯಿರಿ, ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ತಿಂಗಳಿಗೊಮ್ಮೆ ಇಷ್ಟು ಮಾಡುವವರಿಗೆ ಕೆಂಪು ಗಿಂಡಿಯ ಭೇಟಿ ಆಗುವುದು ಅಪರೂಪ.

ನಿಮಿಷಗಳ ದೀಪ ಬಿಸಿಯದು. ಅಲೆಗಳ ಮೇಲೆ ನಿಂತ ಥರ್ಮಾಮೀಟರಿನ ಚಿತ್ರ. ಆಗುಂಬೆ ಘಾಟಿಯನ್ನು ಸೋಮೇಶ್ವರದ ಕಡೆಯಿಂದ ಹತ್ತುವಾಗ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಮೊದಲ ಗೇರು, ಎರಡನೇ ಗೇರು, ಎಸಿ ಚಾಲೂ, ಮುಂದೆ ಮಿನಿಬಸ್ಸು. ಎಂಜಿನ್ ದುಡಿಯುತ್ತಿದೆ, ರೇಡಿಯೇಟರಿಗೆ ಬಡಿಯಬೇಕಾದ ಗಾಳಿ ಇಲ್ಲ. ಫ್ಯಾನ್ ಒಂದೇ ಗತಿ. ಫ್ಯಾನಿನ ರಿಲೇ ಕೈಕೊಟ್ಟ ಗಾಡಿ ಹೆದ್ದಾರಿಯಲ್ಲಿ ಹೂವಿನ ಹಾಗೆ ಓಡಿ, ಘಾಟಿಯಲ್ಲೋ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೋ ಕಾದು ನಿಲ್ಲುವುದು ಇದಕ್ಕೇ.

ದೀಪ ಹೊತ್ತಿದ ಕೂಡಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಬೇಸಿಗೆಯಲ್ಲಿ ಹೀಟರ್ ಅಂದರೆ ಜೊತೆಯಲ್ಲಿದ್ದವರು ಬೈದಾರು; ಆದರೆ ಹೀಟರ್ ಅಂದರೂ ಅದೊಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯನ್ನು ಅದೂ ಎಳೆಯುತ್ತದೆ. ಅಷ್ಟರಲ್ಲಿ ಬದಿಗೆ ನಿಲ್ಲಿಸಲು ಜಾಗ ಹುಡುಕಿ. ಬಾನೆಟ್ ಸಂದಿಯಿಂದ ಹಬೆ ಬರುತ್ತಿದ್ದರೆ ತಕ್ಷಣ ಎಂಜಿನ್ ಆಫ್.

ಇನ್ನು ಮಾಡಬಾರದ್ದು. ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗಿನ ಕೂಲಂಟ್ ಮಾಮೂಲಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕಾದಾಗ 100 ದಾಟಿದರೂ ಅದು ಕುದಿಯದೆ ಇರುವುದು ಮುಚ್ಚಳ ಹಿಡಿದಿಟ್ಟ ಒತ್ತಡದಿಂದ. ಮುಚ್ಚಳ ತಿರುಗಿದ ಮರುಗಳಿಗೆ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಘಾಟಿಯ ಬದಿಯಲ್ಲಿ ಟವೆಲ್ ಸುತ್ತಿ ಮುಚ್ಚಳ ತೆಗೆಯುವ ಶೂರರಿಗೆ ಟವೆಲ್ ಅಂಗೈಯನ್ನು ಉಳಿಸೀತು, ಮುಖವನ್ನಲ್ಲ. ಕಾದ ಎಂಜಿನ್ನಿನ ಮೇಲೆ ಬಾಟಲಿ ನೀರು ಸುರಿಯುವುದೂ ತಪ್ಪು. ಅಲ್ಯೂಮಿನಿಯಂ ಹೆಡ್ ಬೆಂಡ್ ಆಗುತ್ತದೆ, ಬಿರುಕೂ ಬಿಡಬಹುದು. ಕನಿಷ್ಠ ಅರ್ಧ ಗಂಟೆ ಕಾಯಿರಿ, ಕೈಯಿಟ್ಟು ನೋಡುವಷ್ಟು ತಣ್ಣಗಾದ ಮೇಲೆ ಕೂಲಂಟ್ ತುಂಬಿ. ಬಿಸಿಯ ಮುಳ್ಳಿರುವ ಗಾಡಿಯವರಿಗೆ ಇನ್ನೊಂದು ಮಾತು: ಕಾದು ಮೇಲೇರಿದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಖುಷಿಪಡಬೇಡಿ. ನೀರೆಲ್ಲ ಸೋರಿಹೋಗಿ ಸೆನ್ಸರಿಗೆ ಅಳೆಯಲು ಏನೂ ಉಳಿದಿಲ್ಲದಿದ್ದರೂ ಮುಳ್ಳು ಇಳಿಯುತ್ತದೆ.

ಬ್ಯಾಟರಿಯ ಗುರುತು ಕೆಂಪಾದರೂ ಅದರ ಗಡುವು ಸ್ವಲ್ಪ ಉದ್ದ. ನಾನು ಹೇಳಿದ ಅಪವಾದಗಳಲ್ಲಿ ಇದು ಒಂದು. ಅದು ಬ್ಯಾಟರಿ ಕೆಟ್ಟಿದೆ ಎನ್ನುತ್ತಿಲ್ಲ. ಆಲ್ಟರ್ನೇಟರ್, ಹಳಬರು ಇನ್ನೂ ಡೈನಮೊ ಅನ್ನುತ್ತಾರಲ್ಲ ಅದು, ಚಾರ್ಜ್ ಕೊಡುತ್ತಿಲ್ಲ ಎನ್ನುತ್ತಿದೆ. ಇನ್ನು ಗಾಡಿ ಓಡುವುದು ಬ್ಯಾಟರಿಯಲ್ಲಿರುವ ಉಳಿತಾಯದ ಮೇಲೆ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಂದುಕೊಳ್ಳಿ. ಎರಡು ಹೆಡ್‌ಲೈಟ್ ಸೇರಿ ಹತ್ತು ಆಂಪಿಯರ್ ಎಳೆಯುತ್ತವೆ, ಪೆಟ್ರೋಲ್ ಪಂಪು, ಇಗ್ನಿಷನ್, ಫ್ಯಾನು, ವೈಪರ್ ಸೇರಿದರೆ ಇನ್ನೊಂದು ಹತ್ತು. ಕಾಗದದ ಮೇಲೆ ಒಂದೂವರೆ ಗಂಟೆ ಮೇಲಾಯಿತು, ರಸ್ತೆಯ ಮೇಲೆ ಅದಕ್ಕಿಂತ ಬಹಳ ಕಡಿಮೆ. ಹಗಲಾಗಿದ್ದರೆ ಎಸಿ, ಮ್ಯೂಸಿಕ್, ಚಾರ್ಜರ್ ಎಲ್ಲ ಆಫ್ ಮಾಡಿ, ಎಂಜಿನ್ ನಿಲ್ಲಿಸದೆ ಹತ್ತಿರದ ಗ್ಯಾರೇಜಿಗೆ ಹೋಗಿ. ನಿಲ್ಲಿಸಿದರೆ ಮತ್ತೆ ಸೆಲ್ಫ್ ಹೊಡೆಯದಿರಬಹುದು. ಆದರೆ ಹಲವು ಗಾಡಿಗಳಲ್ಲಿ ಡೈನಮೊ ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಕಟ್ ಆದರೆ ಮೊದಲು ಬ್ಯಾಟರಿ ದೀಪ, ಹಿಂದೆಯೇ ಬಿಸಿಯ ದೀಪ. ಎರಡೂ ಜೊತೆಯಾದವೆಂದರೆ ಗ್ಯಾರೇಜಿನ ಆಸೆ ಬಿಟ್ಟು ಅಲ್ಲೇ ನಿಲ್ಲಿಸಬೇಕು.

ವೃತ್ತದೊಳಗೆ ಆಶ್ಚರ್ಯಸೂಚಕ, ಎರಡೂ ಬದಿಗೆ ಕಂಸ, ಕೆಂಪು: ಬ್ರೇಕಿನ ದೀಪ. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಅರ್ಧಂಬರ್ಧ ಎಳೆದುಕೊಂಡೇ ಊರು ಸುತ್ತುವವರಿದ್ದಾರೆ. ಇಳಿದಿದ್ದರೂ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿದೆ. ಎಲ್ಲೋ ಸೋರುತ್ತಿರಬಹುದು, ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿರಬಹುದು. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ಹಾಗಾಗಿ ಪ್ಯಾಡ್ ನೋಡದೆ ಬರೀ ಆಯಿಲ್ ತುಂಬಿಸಿಬಿಟ್ಟರೆ ದೀಪ ಆರುತ್ತದೆ, ಸವೆತ ಹಾಗೇ ಉಳಿಯುತ್ತದೆ. ಪೆಡಲ್ ಮೆತ್ತಗಾಗಿದ್ದರೆ ಒಂದು ಹೆಜ್ಜೆಯೂ ಮುಂದೆ ಬೇಡ. ಹಳದಿ ಎಬಿಎಸ್ ದೀಪ ಒಂದೇ ಹೊತ್ತಿದರೆ ಮಾಮೂಲಿ ಬ್ರೇಕ್ ಇರುತ್ತದೆ. ಜೋರಾಗಿ ತುಳಿದಾಗ ಚಕ್ರ ಲಾಕ್ ಆಗದಂತೆ ಕಾಯುವ ವ್ಯವಸ್ಥೆ ಇರುವುದಿಲ್ಲ, ಮಳೆಯಲ್ಲಿ ನಿಧಾನ ಹೋಗಿ. ಹಳದಿಯ ಜೊತೆಗೆ ಕೆಂಪೂ ಹೊತ್ತಿದರೆ ಅದನ್ನು ಕೆಂಪೆಂದೇ ಲೆಕ್ಕ ಹಿಡಿಯಿರಿ.

ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಕಾದು ಹಿಡಿತ ಬಿಡುವುದಕ್ಕೆ ಮಾತ್ರ ಯಾವ ದೀಪವೂ ಇಲ್ಲ, ಸುಟ್ಟ ವಾಸನೆಯೇ ಸೂಚನೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಲಾರಿ ಡ್ರೈವರುಗಳ ಮಾತು ಇದಕ್ಕೇ ಹುಟ್ಟಿದ್ದು. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರು ಬ್ರೇಕಿಗೆ ಬಲ ಕೊಡುವ ಬೂಸ್ಟರನ್ನೂ ಆಫ್ ಮಾಡಿಕೊಂಡಿರುತ್ತಾರೆ.

ಈಗ ವಾರಗಳ ದೀಪ, ಜನ ಅತಿ ಹೆಚ್ಚು ಗೊಂದಲಗೊಳ್ಳುವ ದೀಪ. ಹಳದಿ ಬಣ್ಣದಲ್ಲಿ ಎಂಜಿನ್ನಿನ ನೆರಳುಚಿತ್ರ, ಚೆಕ್ ಎಂಜಿನ್. ಇದರ ಹುಟ್ಟಿನ ಉದ್ದೇಶ ಎಂಜಿನ್ ಕಾಯುವುದಲ್ಲ, ಹೊಗೆ ಕಾಯುವುದು. ಗಾಡಿ ತನ್ನ ಹೊಗೆಯನ್ನು ತಾನೇ ಗಮನಿಸಿಕೊಳ್ಳಬೇಕು ಎಂಬ ನಿಯಮ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಬಂತು, 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಬಿಡಿ-2 ಕಡ್ಡಾಯವಾಯಿತು. ನಮ್ಮಲ್ಲಿ ಈ ವ್ಯವಸ್ಥೆ ಬಿಎಸ್-4 ಹೊಗೆ ಮಾನದಂಡದ ಕಾಲದಲ್ಲಿ ಕಾಲಿಟ್ಟು, 2020ರ ಏಪ್ರಿಲ್ 1ರಂದು ಬಿಎಸ್-6 ಬಂದ ಮೇಲೆ ಇನ್ನಷ್ಟು ಬಿಗಿಯಾಯಿತು. ಹಾಗಾಗಿ ಈ ದೀಪ ಸ್ಥಿರವಾಗಿ ಉರಿಯುತ್ತ, ಗಾಡಿ ಎಂದಿನಂತೆ ಓಡುತ್ತಿದ್ದರೆ, ಪ್ರವಾಸ ಮುಗಿಸಿ ಬಂದು ತೋರಿಸಬಹುದು. ಆದರೆ ಅದೇ ದೀಪ ಮಿಟುಕತೊಡಗಿದರೆ ಗಡುವು ನಿಮಿಷಕ್ಕೆ ಇಳಿಯಿತು. ಇದು ಎರಡನೇ ಅಪವಾದ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರಿನ ದಾರಿ ಹಿಡಿದಿದೆ, ಅಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತಿದೆ. ಆ ಬಿಸಿಗೆ ಕನ್ವರ್ಟರಿನ ಒಡಲು ಕರಗುತ್ತದೆ. ಆಕ್ಸಿಲರೇಟರ್ ಸಡಿಲಿಸಿ, ನಿಧಾನವಾಗಿ ಬದಿಗೆ ಬನ್ನಿ.

ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇದೆ, ಗ್ಯಾರೇಜಿನವರು ಅದಕ್ಕೆ ಸ್ಕ್ಯಾನರ್ ಹಾಕುತ್ತಾರೆ. ಪರದೆಯ ಮೇಲೆ ಪಿ0301 ಎಂದು ಬಂತು ಅನ್ನಿ. ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಎಂದರ್ಥ. ಕಾರಣ ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ಕೋಡು ಬೀದಿಯನ್ನು ತೋರಿಸುತ್ತದೆ, ಮನೆಯನ್ನು ಹುಡುಕಬೇಕಾದವನು ಮೆಕ್ಯಾನಿಕ್. ಕೋಡು ನೋಡಿದ ಕೂಡಲೇ "ಸೆನ್ಸರ್ ಹೋಗಿದೆ, ಬದಲಾಯಿಸಬೇಕು" ಅನ್ನುವವರ ಹತ್ತಿರ, ಹೇಗೆ ಗೊತ್ತಾಯಿತು ಅಂತ ಕೇಳುವ ಹಕ್ಕು ನಿಮಗಿದೆ. ಎಷ್ಟೋ ಸಲ ಕಳ್ಳ ಇಲಿಯೇ ಆಗಿರುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿಕೊಂಡು ವೈರು ಕಡಿದು ಹೋಗಿರುತ್ತದೆ. ಬಾನೆಟ್ಟಿನಲ್ಲಿ ಹೊಗೆಸೊಪ್ಪಿನ ಕಟ್ಟು ಇಡುವವರನ್ನು ಕಂಡಿದ್ದೇನೆ. ಇಲಿಗೆ ಅದರಿಂದ ಎಷ್ಟು ತೊಂದರೆಯಾಯಿತೋ ಇಲಿಯನ್ನೇ ಕೇಳಬೇಕು. ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದರೆ ದೀಪ ಆರುತ್ತದೆ ಎಂಬ ಉಪಾಯವೂ ಚಾಲ್ತಿಯಲ್ಲಿದೆ. ಕೆಲವು ಗಾಡಿಗಳಲ್ಲಿ ಆರುವುದು ನಿಜ, ಅದರೊಟ್ಟಿಗೆ ಮೆಕ್ಯಾನಿಕ್ಕಿಗೆ ಬೇಕಾಗಿದ್ದ ದಾಖಲೆಯೂ ಅಳಿಸಿಹೋಗುತ್ತದೆ. ನಾಲ್ಕು ದಿನ ಬಿಟ್ಟು ದೀಪ ಮತ್ತೆ ಬರುತ್ತದೆ.

ಬಿಎಸ್-6 ಡೀಸೆಲ್ ಗಾಡಿ ಕೊಂಡು ಬೆಂಗಳೂರಿನಲ್ಲಿ ಮನೆಯಿಂದ ಆಫೀಸಿಗೆ ಮಾತ್ರ ಓಡಿಸುವವರಿಗೆ ಡಿಪಿಎಫ್ ದೀಪ ಪರಿಚಯವಾಗುತ್ತದೆ. ಸೈಲೆನ್ಸರಿನ ದಾರಿಯಲ್ಲಿರುವ ಜಾಲರಿಯಲ್ಲಿ ಮಸಿ ಸೇರುತ್ತದೆ. ಅದು ಉರಿದು ಬೂದಿಯಾಗಲು 600 ಡಿಗ್ರಿಯ ಆಸುಪಾಸು ಬಿಸಿ ಬೇಕು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳುವ ಗಾಡಿಯಲ್ಲಿ ಅಷ್ಟು ಬಿಸಿ ಏರುವುದಿಲ್ಲ. ದೀಪ ಆಗಷ್ಟೇ ಹೊತ್ತಿದ್ದರೆ ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಅರ್ಧ ಗಂಟೆ ಒಂದೇ ವೇಗದಲ್ಲಿ, 2000 ಆರ್‌ಪಿಎಂ ಮೇಲೆ ಓಡಿಸಿ ಬಂದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಜಾಲರಿ ಕಟ್ಟಿಕೊಳ್ಳುತ್ತದೆ, ಆಮೇಲಿನ ಬಿಲ್ಲು ದೊಡ್ಡದು.

ಟೈರಿನ ಗಾಳಿಯ ದೀಪ, ಬಾಯಿ ತೆರೆದ ಗಡಿಗೆಯೊಳಗೆ ಆಶ್ಚರ್ಯಸೂಚಕ ಇರುವುದು, ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಹೊತ್ತಿ ಹತ್ತು ಗಂಟೆಗೆ ಆರಿದರೆ ಪಂಕ್ಚರ್ ಆಗಿರಲಿಕ್ಕಿಲ್ಲ. ಸುಮಾರು ಐದೂವರೆ ಡಿಗ್ರಿ ತಣ್ಣಗಾದರೆ ಒಂದು ಪಾಯಿಂಟ್ ಗಾಳಿ ಇಳಿದಂತೆ ತೋರುತ್ತದೆ. ಡ್ರೈವರ್ ಬಾಗಿಲ ಸಂದಿಯಲ್ಲಿ ಅಂಟಿಸಿರುವ ಚೀಟಿಯ ಲೆಕ್ಕಕ್ಕೆ, ಟೈರು ತಣ್ಣಗಿರುವಾಗ ಗಾಳಿ ಹಾಕಿಸಿ.

ಕೊನೆಗೆ ಉಳಿದದ್ದು ಗಡುವೇ ಇಲ್ಲದ ದೀಪ. ಕೂತ ಮನುಷ್ಯ, ಎದುರಿಗೆ ಒಂದು ಗೋಲ: ಏರ್‌ಬ್ಯಾಗ್. ಅದು ಸದಾ ಉರಿಯುತ್ತಿದ್ದರೂ ಗಾಡಿ ಚೆನ್ನಾಗಿಯೇ ಓಡುತ್ತದೆ, ಮೈಲೇಜೂ ಇಳಿಯುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಅದರ ಜೊತೆ ಬದುಕುವವರಿದ್ದಾರೆ. ಅದು ಉರಿಯುತ್ತಿರುವಷ್ಟು ದಿನ ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯುತ್ತದೆ ಎಂಬ ಭರವಸೆ ಇಲ್ಲ. ಕಾರಣ ಹಲವು ಸಲ ಸಣ್ಣದು: ಸೀಟಿನಡಿ ಹಳದಿ ಬಣ್ಣದ ಪ್ಲಗ್ ಇರುತ್ತದೆ, ಅಲ್ಲಿಗೆ ಉರುಳಿಹೋದ ನೀರಿನ ಬಾಟಲಿಯೋ, ಸೀಟ್ ಕವರ್ ಹಾಕಿದವರ ಕೈಯೋ ಅದನ್ನು ಸಡಿಲಿಸಿರುತ್ತದೆ. ಸಣ್ಣದೆಂದು ನೀವೇ ಎಳೆದು ಚುಚ್ಚಲು ಹೋಗಬೇಡಿ. ಆ ತಂತಿಯ ಇನ್ನೊಂದು ತುದಿಯಲ್ಲಿ ಸಿಡಿಯುವ ವಸ್ತು ಇದೆ. ಬ್ಯಾಟರಿ ಕಳಚಿ, ಕಾದು, ಆಮೇಲೆ ಮುಟ್ಟುವ ಕ್ರಮ ತಿಳಿದವರು ಮಾಡಬೇಕಾದ ಕೆಲಸ ಅದು.

ಇದರ ನೆರೆಯಲ್ಲೇ ಸೀಟ್ ಬೆಲ್ಟಿನ ಕೆಂಪು ದೀಪ, ಜೊತೆಗೆ ಕಿವಿ ಕೊರೆಯುವ ಸದ್ದು. 2019ರ ಜುಲೈಯಿಂದ ಹೊಸ ಕಾರುಗಳಿಗೆ ಈ ಸದ್ದು ಕಡ್ಡಾಯ. ಸದ್ದು ಅಡಗಿಸಲು ಬಕಲ್ಲಿಗೆ ಸಿಕ್ಕಿಸುವ ತುಂಡು ಕ್ಲಿಪ್ಪುಗಳು ಬಂದವು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳ ವಿರುದ್ಧ ಆದೇಶ ಹೊರಡಿಸಿತು. ಅವುಗಳ ಜಾಲತಾಣಗಳಿಂದ ಇಂಥ ಕ್ಲಿಪ್ಪುಗಳ 13,118 ಪಟ್ಟಿಗಳು ಇಳಿದವು. ಅಂಗಡಿ ಬೀದಿಗಳಲ್ಲಿ ಅವು ಇನ್ನೂ ಸಿಗುತ್ತವೆ. ಬೆಲ್ಟ್ ಹಾಕದೆ ಕ್ಲಿಪ್ ಸಿಕ್ಕಿಸಿ ಕೂತವರ ಮುಖದತ್ತ ಏರ್‌ಬ್ಯಾಗ್ ರೆಪ್ಪೆ ಮಿಟುಕಿಸುವುದರೊಳಗೆ ಉಬ್ಬಿ ಬರುತ್ತದೆ. ಕೂತವರ ಎದೆಯನ್ನು ಅಷ್ಟು ಹೊತ್ತಿಗೆ ಬೆಲ್ಟ್ ಹಿಂದೆಯೇ ತಡೆದಿರುತ್ತದೆ ಎಂಬ ಲೆಕ್ಕದ ಮೇಲೆ ಅದನ್ನು ಮಾಡಿದ್ದಾರೆ. ಗಾಡಿಯಲ್ಲಿ ಅಂಥ ಕ್ಲಿಪ್ ಇದ್ದರೆ ಇವತ್ತೇ ತೆಗೆದು ಬಿಸಾಡಿ.